ಆಂಪ್ಲಿಫೈಯರ್ ಗುಂಯ್‌ಗುಟ್ಟಿದರೆ: ಗ್ರೌಂಡ್ ವೈರಿನ ಜಾಡು ಹಿಡಿಯುವ ಬಗೆ

ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರ್‌ಗೆ ಸ್ಪೀಕರ್ ಜೋಡಿಸಿ ಸ್ವಿಚ್ ಹಾಕಿದರೆ ಎಷ್ಟೋ ಸಲ ಹಾಡಿಗಿಂತ ಮೊದಲು ಕೇಳಿಸುವುದು ‘ಗುಂಯ್’ ಎನ್ನುವ ಸದ್ದು, ಅಂದರೆ ಹಮ್. ಆಗ ಸಾಮಾನ್ಯವಾಗಿ ಎಲ್ಲರ ಕೈಯೂ ಫಿಲ್ಟರ್ ಕೆಪಾಸಿಟರ್ ಕಡೆಗೇ ಹೋಗುತ್ತದೆ. 4700 ಮೈಕ್ರೋಫ್ಯಾರಡ್ ಇದ್ದ ಜಾಗಕ್ಕೆ 10000 ಬರುತ್ತದೆ. ಗುಂಯ್ ಅಲ್ಲಾಡುವುದಿಲ್ಲ, ಕೆಲವೊಮ್ಮೆ ಹೆಚ್ಚೂ ಆಗುತ್ತದೆ. ಕೆಪಾಸಿಟರ್ ದೊಡ್ಡದಾದಷ್ಟೂ ಅದು ಚಾರ್ಜ್ ಆಗುವ ಅವಧಿ ಕಿರಿದಾಗಿ, ಆ ಹೊತ್ತಿನಲ್ಲಿ ಹರಿಯುವ ಕರೆಂಟಿನ ತುದಿ ಇನ್ನೂ ಎತ್ತರವಾಗುತ್ತದೆ. ತಪ್ಪು ಕೆಪಾಸಿಟರಿನದ್ದಲ್ಲದೆ ಅದರ ಗ್ರೌಂಡ್ ವೈರಿನದ್ದಾಗಿದ್ದರೆ, ನಾವು ಮಾಡಿದ ರಿಪೇರಿ ಆ ತಪ್ಪಿಗೇ ಬಲ ಕೊಟ್ಟಂತೆ.

ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡಿನ ಗುರುತನ್ನು ಹತ್ತು ಕಡೆ ಬರೆದಿರುತ್ತಾರೆ. ಆ ಹತ್ತೂ ಜಾಗ ಒಂದೇ ಎಂದು ಚಿತ್ರ ಹೇಳುತ್ತದೆ, ಪೆಟ್ಟಿಗೆಯೊಳಗೆ ಅವು ಒಂದೇ ಅಲ್ಲ. ಅವುಗಳ ನಡುವೆ ತಂತಿ ಇದೆ, ತಂತಿಗೆ ರೆಸಿಸ್ಟೆನ್ಸ್ ಇದೆ, ಅದರೊಳಗೆ ಯಾರದ್ದೋ ಕರೆಂಟ್ ವಾಪಸ್ ಹೋಗುತ್ತಿದೆ. ಹಮ್ ಹುಡುಕುವುದೆಂದರೆ ಬಹುಪಾಲು ಒಂದೇ ಪ್ರಶ್ನೆ ಕೇಳುವುದು: ಯಾರ ಕರೆಂಟ್ ಯಾರ ತಂತಿಯಲ್ಲಿ ಹರಿಯುತ್ತಿದೆ?

ಮುಂದೆ 50 ಹರ್ಟ್ಸ್ ಮೇನ್ಸ್ ಲೆಕ್ಕದಲ್ಲಿ ಬರೆದಿದ್ದೇನೆ. 60 ಹರ್ಟ್ಸ್ ಇರುವ ಕಡೆ 50ನ್ನು 60, 100ನ್ನು 120 ಎಂದು ಓದಿಕೊಳ್ಳಿ.

ಮೊದಲು ಕಿವಿ, ಆಮೇಲೆ ಸೋಲ್ಡರಿಂಗ್ ಐರನ್

ಸ್ಪೀಕರ್ ವೈರ್ ಕಳಚಿ ನೋಡಿ. ಆಗಲೂ ಸದ್ದು ಇದ್ದರೆ ಅದು ಟ್ರಾನ್ಸ್‌ಫಾರ್ಮರಿನ ಮೈಯಿಂದಲೇ ಬರುತ್ತಿದೆ: ಸಡಿಲವಾದ ಲ್ಯಾಮಿನೇಷನ್, ಬೋಲ್ಟ್, ಅಥವಾ ಬಳೆಯಾಕಾರದ ಟೊರಾಯ್ಡ್ ಆದರೆ ಮೇನ್ಸ್‌ನಲ್ಲಿ ಸೇರಿಕೊಂಡ ಸ್ವಲ್ಪ ಡಿಸಿ. ಅದಕ್ಕೂ ಗ್ರೌಂಡಿಂಗ್‌ಗೂ ಸಂಬಂಧವಿಲ್ಲ. ಇದನ್ನು ನೋಡದೆ ದಿನಗಟ್ಟಲೆ ಗ್ರೌಂಡ್ ವೈರ್ ಬದಲಿಸುವವರಿದ್ದಾರೆ.

ಸದ್ದು ಸ್ಪೀಕರಿನದ್ದೇ ಆದರೆ ಅದರ ಜಾತಿ ಗುರುತಿಸಿ. ಮೆತ್ತಗೆ, ತುಂಬಿಕೊಂಡು, ದುಂಬಿಯಂತೆ ಮೊರೆಯುವುದು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ, ಹೊರಗಿನ ಉಪಕರಣಗಳೊಂದಿಗಿನ ಗ್ರೌಂಡ್ ಲೂಪ್ (ಗ್ರೌಂಡ್ ತಂತಿಗಳು ಸೇರಿ ಆದ ಕುಣಿಕೆ), ಅಥವಾ ಶೀಲ್ಡ್ ಇಲ್ಲದ ಇನ್‌ಪುಟ್ ವೈರ್ ಇದರ ಮೂಲ. ‘ಜರ್’ ಎಂದು ಅಂಚು ಚೂಪಾಗಿ ಕೇಳುವುದು 100 ಹರ್ಟ್ಸ್ ಮತ್ತು ಅದರ ಗುಣಕಗಳು. ಅದು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿ ಬಂದದ್ದು. ಕಿವಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಮೊಬೈಲಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಯಾವುದಾದರೂ ಆ್ಯಪ್ ತೆರೆದು ಮೈಕನ್ನು ಕೋನ್ ಹತ್ತಿರ ಹಿಡಿಯಿರಿ. ಮೊಬೈಲ್ ಮೈಕ್‌ಗೆ 50 ಹರ್ಟ್ಸ್ ಸರಿಯಾಗಿ ಕೇಳಿಸದಿರಬಹುದು, ಪರವಾಗಿಲ್ಲ. ಮೇಲಿನ ಗೆರೆಗಳು 150, 250, 350ರಲ್ಲಿ ಎದ್ದಿದ್ದರೆ ಮೂಲ 50. 100, 200, 300ರಲ್ಲಿ ಎದ್ದಿದ್ದರೆ ರೆಕ್ಟಿಫೈಯರ್.

ಈಗ ಹಮ್ ಬರುತ್ತಿರುವಾಗಲೇ ಮೇನ್ಸ್ ಸ್ವಿಚ್ ಆರಿಸಿ, ಕಿವಿಗೊಟ್ಟು ಕೇಳಿ. ಫಿಲ್ಟರ್ ಕೆಪಾಸಿಟರ್‌ಗಳಲ್ಲಿರುವ ಚಾರ್ಜ್‌ನಿಂದ ಆಂಪ್ಲಿಫೈಯರ್ ಇನ್ನೂ ಒಂದೆರಡು ಸೆಕೆಂಡ್ ಬದುಕಿರುತ್ತದೆ. ಆ ಒಂದೆರಡು ಸೆಕೆಂಡ್ ಹಮ್ ಕೂಡ ಮುಂದುವರಿದರೆ ಅದು ಹೊರಗಿನಿಂದ ಬರುತ್ತಿದೆ: ಹಾಡು ಕೊಡುವ ಸಾಧನ, ಅದರ ಕೇಬಲ್, ಅಥವಾ ತೆರೆದ ಇನ್‌ಪುಟ್. ಸ್ವಿಚ್ ಆರಿದ ಕ್ಷಣವೇ ಕತ್ತರಿಸಿದಂತೆ ನಿಂತರೆ ಕಳ್ಳ ಪೆಟ್ಟಿಗೆಯ ಒಳಗಿದ್ದಾನೆ. ಎರಡು ಸೆಕೆಂಡಿನ ಈ ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ, ಆದರೂ ಯಾಕೋ ಇದನ್ನು ಮಾಡುವವರು ಕಡಿಮೆ.

ಶಾರ್ಟಿಂಗ್ ಪ್ಲಗ್

ಒಂದು ಆರ್‌ಸಿಎ ಪ್ಲಗ್ ತೆಗೆದುಕೊಂಡು ನಡುವಿನ ಪಿನ್ನನ್ನೂ ಹೊರ ಕವಚವನ್ನೂ ಒಳಗಡೆ ತಂತಿಯಿಂದ ಸೇರಿಸಿ ಬೆಸೆಯಿರಿ. ಅಂಥ ಎರಡು ಮಾಡಿಟ್ಟುಕೊಳ್ಳಿ. ಹಮ್ ಹುಡುಕುವವರಿಗೆ ಇದಕ್ಕಿಂತ ಉಪಯುಕ್ತ ಸಲಕರಣೆ ಇಲ್ಲ. ಏನೂ ಸಿಕ್ಕಿಸದ ಇನ್‌ಪುಟ್ ಗುಂಯ್‌ಗುಡುವುದು ದೋಷವೇ ಅಲ್ಲ. ತೆರೆದ ಇನ್‌ಪುಟ್ ಒಂದು ಆಂಟೆನಾ, ಅದರ ಹಮ್ ಕೇಳಿ ಗಾಬರಿಯಾಗಬೇಕಿಲ್ಲ.

ಎರಡೂ ಇನ್‌ಪುಟ್‌ಗೆ ಶಾರ್ಟಿಂಗ್ ಪ್ಲಗ್ ಹಾಕಿ ವಾಲ್ಯೂಮ್ ಪಾಟ್ ತಿರುಗಿಸಿ. ವಾಲ್ಯೂಮ್ ಎಲ್ಲಿದ್ದರೂ ಹಮ್ ಒಂದೇ ಸಮ ಇದ್ದರೆ ಅದು ಪಾಟ್‌ನಿಂದ ಆಚೆಗೆ, ಅಂದರೆ ಪವರ್ ಆಂಪ್ ಬೋರ್ಡು ಮತ್ತು ಅದರ ಗ್ರೌಂಡಿನಲ್ಲಿ ಹುಟ್ಟುತ್ತಿದೆ. ವಾಲ್ಯೂಮ್ ಜೊತೆಗೇ ಏರುತ್ತಾ ಹೋದರೆ ಪಾಟ್‌ಗಿಂತ ಮೊದಲಿನದ್ದು: ಪ್ರಿಆಂಪ್, ಟೋನ್ ಬೋರ್ಡು ಅಥವಾ ಇನ್‌ಪುಟ್ ಗ್ರೌಂಡ್. ನಡುವೆ ಎಲ್ಲೋ ಹೆಚ್ಚಾಗಿ ಎರಡೂ ತುದಿಯಲ್ಲಿ ಕಡಿಮೆಯಾದರೆ, ಪಾಟ್‌ನಿಂದ ಬೋರ್ಡಿಗೆ ಹೋಗುವ ವೈರ್ ಗಾಳಿಯಿಂದ ಹಮ್ ಹಿಡಿಯುತ್ತಿದೆ. ಸ್ಲೈಡರ್ ತಂತಿಗೆ ಕಾಣುವ ರೆಸಿಸ್ಟೆನ್ಸ್ ಪಾಟಿನ ವಿದ್ಯುತ್ ನಡುಬಿಂದುವಿನಲ್ಲಿ ಗರಿಷ್ಠ, ಅದು ಪಾಟ್ ಮೌಲ್ಯದ ಕಾಲು ಭಾಗ. 100 ಕಿಲೋಓಮ್ ಪಾಟ್ ಆದರೆ 25 ಕಿಲೋಓಮ್. 10 ಕಿಲೋಓಮ್ ಪಾಟ್ ಹಾಕಿದರೆ ಇದು 2.5ಕ್ಕೆ ಇಳಿಯುತ್ತದೆ. ಆ ವೈರನ್ನು ಶೀಲ್ಡ್ ವೈರ್ ಮಾಡಿದರೂ ಸಾಕು.

ನಾಬ್ ಮುಟ್ಟಿದಾಗ ಹಮ್ ಕಡಿಮೆಯಾಗುತ್ತದೆಯೇ? ಪಾಟಿನ ಲೋಹದ ಮೈ ಗ್ರೌಂಡಿಗೆ ಸೇರಿಲ್ಲ. ಮೇಲ್ಮೈಯನ್ನು ಸ್ವಲ್ಪ ಉಜ್ಜಿ ಒಂದು ತಂತಿ ಬೆಸೆದರೆ ಮುಗಿಯಿತು. ಷಾಸಿ, ಅಂದರೆ ಲೋಹದ ಪೆಟ್ಟಿಗೆ, ಮುಟ್ಟಿದಾಗ ಕಡಿಮೆಯಾದರೆ ಷಾಸಿಯೇ ಎಲ್ಲಿಗೂ ಸೇರಿಲ್ಲ. ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಪ್ಯಾನಲ್‌ಗಳಲ್ಲಿ ಇದು ಸಾಮಾನ್ಯ. ಆ ಪದರ ಇನ್ಸುಲೇಟರ್, ಸ್ಕ್ರೂ ಬಿಗಿ ಮಾಡಿದ ಮಾತ್ರಕ್ಕೆ ಎರಡು ಪ್ಯಾನಲ್ ನಡುವೆ ಸಂಪರ್ಕ ಬರುವುದಿಲ್ಲ. ಪೌಡರ್ ಕೋಟಿಂಗ್‌ಗೂ ಇದೇ ಮಾತು.

ಮುಂದಿನ ಹೆಜ್ಜೆ, ಶಾರ್ಟನ್ನು ಜಾಕ್‌ನಿಂದ ಬೋರ್ಡಿಗೆ ಸಾಗಿಸುವುದು. ಆಂಪ್ ಬೋರ್ಡಿನ ಇನ್‌ಪುಟ್ ಪ್ಯಾಡನ್ನೂ ಅದರ ಪಕ್ಕದ ಸಿಗ್ನಲ್ ಗ್ರೌಂಡ್ ಪ್ಯಾಡನ್ನೂ ಕ್ರೊಕೊಡೈಲ್ ಕ್ಲಿಪ್ಪಿನಿಂದ ಸೇರಿಸಿ. ಜಾಕ್‌ನಲ್ಲಿ ಶಾರ್ಟ್ ಮಾಡಿದಾಗ ಇದ್ದ ಹಮ್ ಬೋರ್ಡಿನಲ್ಲಿ ಶಾರ್ಟ್ ಮಾಡಿದಾಗ ಹೋದರೆ ತಪ್ಪು ಜಾಕ್ ಮತ್ತು ಬೋರ್ಡಿನ ನಡುವಿನ ವೈರಿಂಗ್‌ನದ್ದು. ಹೋಗದಿದ್ದರೆ ಬೋರ್ಡು ಮತ್ತು ಪವರ್ ಸಪ್ಲೈ ನಡುವೆ ಹುಡುಕಿ.

ಒಂದು ಎಚ್ಚರಿಕೆ. ಪವರ್ ಇರುವಾಗ ಗ್ರೌಂಡ್ ವೈರ್ ಕಳಚಬೇಡಿ. ಫೀಡ್‌ಬ್ಯಾಕ್ ಅಥವಾ ಬಯಾಸ್‌ನ ಗ್ರೌಂಡ್ ತಪ್ಪಿದರೆ ಔಟ್‌ಪುಟ್ ಒಂದು ರೈಲಿಗೆ (ಸಪ್ಲೈಯ ಪ್ಲಸ್ ಅಥವಾ ಮೈನಸ್ ತಂತಿಗೆ) ಹೋಗಿ ಅಂಟಿಕೊಳ್ಳಬಹುದು, ಆಗ ವೂಫರ್ ಸುಡುತ್ತದೆ. ಪ್ರಯೋಗ ಮಾಡುವಷ್ಟು ಹೊತ್ತು ಸ್ಪೀಕರ್ ಬದಲು 8 ಓಮ್, 10 ವ್ಯಾಟಿನ ರೆಸಿಸ್ಟರ್ ಇರಲಿ. ಪ್ರತಿ ಸಲ ವೈರ್ ಮುಟ್ಟುವ ಮೊದಲು ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರನ್ನು 100 ಓಮ್, 5 ವ್ಯಾಟ್ ರೆಸಿಸ್ಟರಿನಿಂದ ಖಾಲಿ ಮಾಡಿ. 10000 ಮೈಕ್ರೋಫ್ಯಾರಡ್‌ಗೆ ಐದಾರು ಸೆಕೆಂಡ್ ಸಾಕು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ವಿಧಾನ ಬೇಡ, ಅದರಿಂದ ಕೆಪಾಸಿಟರಿಗೂ ಕಷ್ಟ, ಕಣ್ಣಿಗೂ ಕಷ್ಟ. ಸರಣಿಯಲ್ಲಿ ಬಲ್ಬ್ ಹಾಕಿ ಮೊದಲ ಸಲ ಪವರ್ ಕೊಡುವುದು ಒಳ್ಳೆಯ ಅಭ್ಯಾಸ, ಆದರೆ ಹಮ್ ಅಳೆಯುವಾಗ ಬಲ್ಬ್ ತೆಗೆದಿರಿ. ಬಲ್ಬಿನ ರೆಸಿಸ್ಟೆನ್ಸ್ ಚಾರ್ಜಿಂಗ್ ಪಲ್ಸಿನ ತುದಿಯನ್ನು ತಗ್ಗಿಸುವುದರಿಂದ ಹಮ್ ಇಲ್ಲವೆಂಬ ಸುಳ್ಳು ಸಮಾಧಾನ ಸಿಗುತ್ತದೆ.

ಮಿಲಿಓಮ್ ಲೆಕ್ಕ

‘ಇಷ್ಟು ದಪ್ಪ ತಂತಿಯಲ್ಲಿ ಏನು ವೋಲ್ಟೇಜ್ ಬೀಳುತ್ತದೆ?’ ಎಂಬ ಅನುಮಾನ ಎಲ್ಲರಿಗೂ ಇರುತ್ತದೆ. ಲೆಕ್ಕ ಹಾಕೋಣ. 1 ಚದರ ಮಿಲಿಮೀಟರ್ ತಾಮ್ರದ ತಂತಿ ಮೀಟರಿಗೆ ಸುಮಾರು 17 ಮಿಲಿಓಮ್, 10 ಸೆಂಟಿಮೀಟರಿಗೆ 1.7. ಎರಡು ಎಲ್‌ಎಂ3886 ಆಂಪ್ ಐಸಿ ಹಾಕಿದ ಸ್ಟೀರಿಯೋ ಆಂಪ್ ಹಾಡಿಲ್ಲದೆ ಸುಮ್ಮನಿರುವಾಗ ಸುಮಾರು 100 ಮಿಲಿಆಂಪಿಯರ್ ಎಳೆಯುತ್ತದೆ. ಆದರೆ ಕೆಪಾಸಿಟರ್ ಈ ಕರೆಂಟನ್ನು ಇಡೀ ಹೊತ್ತು ತುಂಬಿಕೊಳ್ಳುವುದಿಲ್ಲ. ಪ್ರತಿ 10 ಮಿಲಿಸೆಕೆಂಡಿನಲ್ಲಿ ಒಂದೆರಡು ಮಿಲಿಸೆಕೆಂಡ್ ಮಾತ್ರ ಗಬಗಬನೆ ತುಂಬಿಕೊಳ್ಳುತ್ತದೆ. ಹಾಗಾಗಿ ಪಲ್ಸಿನ ತುದಿ ಸರಾಸರಿಯ ಹತ್ತು ಪಟ್ಟು, ಅಂದರೆ 1 ಆಂಪಿಯರ್ ಎಂದಿಟ್ಟುಕೊಳ್ಳಿ. 1.7 ಮಿಲಿಓಮ್‌ನಲ್ಲಿ ಅದು 1.7 ಮಿಲಿವೋಲ್ಟ್. ಆ 10 ಸೆಂಟಿಮೀಟರಿನ ಒಂದು ತುದಿಗೆ ಇನ್‌ಪುಟ್ ಗ್ರೌಂಡನ್ನೂ ಇನ್ನೊಂದು ತುದಿಗೆ ಫೀಡ್‌ಬ್ಯಾಕ್ ಗ್ರೌಂಡನ್ನೂ ಸೇರಿಸಿದ್ದರೆ ಈ 1.7 ಮಿಲಿವೋಲ್ಟ್ ಹಾಡಿನ ಜೊತೆ ಕೂಡಿಕೊಂಡು, ಆಂಪಿನ ಗೇನ್ 21 ಆಗಿದ್ದರೆ, 21 ಪಟ್ಟು ಬೆಳೆದು ಹೊರಬರುತ್ತದೆ: ಔಟ್‌ಪುಟ್‌ನಲ್ಲಿ 36 ಮಿಲಿವೋಲ್ಟ್ ಎತ್ತರದ ಚೂಪು ಪಲ್ಸ್, ಸೆಕೆಂಡಿಗೆ 100 ಸಲ.

ಪಿಸಿಬಿ ಟ್ರ್ಯಾಕ್ ಇನ್ನೂ ಕೆಟ್ಟದ್ದು. ಸಾಮಾನ್ಯ 35 ಮೈಕ್ರಾನ್ ತಾಮ್ರದಲ್ಲಿ ಅಗಲದಷ್ಟೇ ಉದ್ದವಿರುವ ಒಂದು ಚೌಕಕ್ಕೆ ಸುಮಾರು ಅರ್ಧ ಮಿಲಿಓಮ್. 2 ಮಿಲಿಮೀಟರ್ ಅಗಲ, 5 ಸೆಂಟಿಮೀಟರ್ ಉದ್ದದ ಟ್ರ್ಯಾಕಿನಲ್ಲಿ 25 ಚೌಕಗಳಿವೆ, ಅಂದರೆ 12 ಮಿಲಿಓಮ್. ಮೇಲಿನದ್ದೇ ಲೆಕ್ಕದಲ್ಲಿ ಔಟ್‌ಪುಟ್ ಪಲ್ಸ್ ಕಾಲು ವೋಲ್ಟ್ ದಾಟುತ್ತದೆ. ರೆಕ್ಟಿಫೈಯರ್, ಫಿಲ್ಟರ್, ಆಂಪ್ ಎಲ್ಲವೂ ಒಂದೇ ಬೋರ್ಡಿನಲ್ಲಿ ಬರುವ ಕಿಟ್‌ಗಳಲ್ಲಿ ಎಷ್ಟೋ ಸಲ ಕಾಣುವುದು ಇದೇ ಟ್ರ್ಯಾಕ್. ಅದನ್ನು ಚಾಕುವಿನಿಂದ ಕತ್ತರಿಸಿ, ಸಿಗ್ನಲ್ ಗ್ರೌಂಡನ್ನು ಪ್ರತ್ಯೇಕ ತಂತಿಯಲ್ಲಿ ಫಿಲ್ಟರ್ ಕೆಪಾಸಿಟರಿನ ಆಚೆಗೆ ಒಯ್ಯುವುದೇ ಅದಕ್ಕೆ ಮದ್ದು. ಹಾಡು ಜೋರಾದಂತೆ ‘ಜರ್’ ಕೂಡ ಏರಿ, ಹಾಡು ನಿಂತ ಮೇಲೆ ಅರೆಕ್ಷಣ ಉಳಿದು ಇಳಿದರೆ ಅದು ಈ ದೋಷದ ಸಹಿ ಎಂದೇ ತಿಳಿಯಿರಿ.

ಸ್ಟಾರ್ ಎಲ್ಲಿ ಇಡಬೇಕು

ಎಲ್ಲ ಗ್ರೌಂಡನ್ನೂ ಒಂದೇ ಬಿಂದುವಿಗೆ ತನ್ನಿ ಎಂದು ಎಲ್ಲರೂ ಹೇಳುತ್ತಾರೆ. ಸ್ಟಾರ್ ಎಂದು ಕರೆಯುವ ಆ ಬಿಂದು ಎಲ್ಲಿ ಎಂಬುದನ್ನು ಹೇಳುವುದಿಲ್ಲ. ಚಾರ್ಜಿಂಗ್ ಪಲ್ಸ್ ಹರಿಯುವ ತಂತಿಯ ಮೇಲೆಯೇ ಸ್ಟಾರ್ ಮಾಡಿದರೆ ಅದು ಸ್ಟಾರ್ ಆಗುವುದಿಲ್ಲ, ಕೊಳೆನೀರಿನ ಕಾಲುವೆಗೆ ಕುಡಿಯುವ ನೀರಿನ ನಲ್ಲಿ ಹಾಕಿದಂತೆ.

ಒಂದೇ ಸಪ್ಲೈ ಇರುವ ಸರ್ಕ್ಯೂಟಿನಲ್ಲಿ, ಉದಾಹರಣೆಗೆ ಟಿಡಿಎ2030 ಅಥವಾ ಎಲ್‌ಎಂ386, ನಾಲ್ಕು ಡಯೋಡಿನ ರೆಕ್ಟಿಫೈಯರ್ ಬ್ರಿಜ್‌ನ ಮೈನಸ್‌ನಿಂದ ಫಿಲ್ಟರ್ ಕೆಪಾಸಿಟರಿನ ಮೈನಸ್‌ವರೆಗಿನ ತುಂಡು ಕೊಳೆ ತಂತಿ. ಬ್ರಿಜ್‌ನ ಮೈನಸ್ ಕಾಲಿಗೆ ಬೇರೆ ಯಾವುದೂ ಸೇರಬಾರದು. ಸ್ಟಾರ್ ಕೆಪಾಸಿಟರಿನ ಕಾಲಿನಿಂದ ಆಚೆಗೆ. ಪ್ಲಸ್ ಮೈನಸ್ ಎರಡೂ ಇರುವ ಸಪ್ಲೈಯಲ್ಲಿ, ಸೆಕೆಂಡರಿಯ ನಡುವಿನಿಂದಲೂ ತಂತಿ ಹೊರಟ ಸೆಂಟರ್ ಟ್ಯಾಪ್ ಟ್ರಾನ್ಸ್‌ಫಾರ್ಮರಿಗೆ ಒಂದೇ ಬ್ರಿಜ್ ಇದ್ದರೆ, ಸೆಂಟರ್ ಟ್ಯಾಪ್ ವೈರೇ ದೊಡ್ಡ ಖಳನಾಯಕ ಎಂದುಕೊಳ್ಳುವವರೇ ಹೆಚ್ಚು. ಎರಡೂ ರೈಲಿನ ಲೋಡ್ ಸಮನಾಗಿದ್ದಾಗ ಅದರಲ್ಲಿ ಹರಿಯುವ ಪಲ್ಸ್ ಪರಸ್ಪರ ಕಳೆದುಹೋಗುತ್ತದೆ. ಪೂರ್ತಿ ಪಲ್ಸ್ ಹರಿಯುವುದು ಎರಡು ಕೆಪಾಸಿಟರ್‌ಗಳನ್ನು ಜೋಡಿಸುವ ನಡುವಿನ ಪಟ್ಟಿಯಲ್ಲಿ. ಪ್ರತ್ಯೇಕ ಎರಡು ಸೆಕೆಂಡರಿ, ಎರಡು ಬ್ರಿಜ್ ಇದ್ದರೆ ಎರಡೂ ರಿಟರ್ನ್ ವೈರ್‌ಗಳಲ್ಲಿ ಹರಿಯುತ್ತದೆ.

ಹಾಗಾಗಿ ಹೀಗೆ ಮಾಡಿ. ಎರಡು ಕೆಪಾಸಿಟರ್‌ಗಳನ್ನು ಪಕ್ಕಪಕ್ಕ ಇಟ್ಟು, ಅವುಗಳ ಗ್ರೌಂಡ್ ಕಾಲುಗಳನ್ನು ದಪ್ಪ, ಚಿಕ್ಕ ತಾಮ್ರದ ಪಟ್ಟಿಯಿಂದ ಜೋಡಿಸಿ. ಸೆಂಟರ್ ಟ್ಯಾಪನ್ನು ಪಟ್ಟಿಯ ಸರಿಯಾಗಿ ನಡುವಿಗೆ ಬೆಸೆಯಿರಿ. ಅದೇ ನಡುವಿನಿಂದ, ಇನ್ನೊಂದು ದಿಕ್ಕಿಗೆ, 2.5 ಚದರ ಮಿಲಿಮೀಟರಿನ ಎರಡು ಮೂರು ಸೆಂಟಿಮೀಟರ್ ತುಂಡು ಹೊರಡಲಿ. ಇಂಗ್ಲಿಷಿನ ಟಿ ಅಕ್ಷರದಂತೆ ಕಾಣುತ್ತದೆ. ಆ ಬಾಲದ ತುದಿಯೇ ಸ್ಟಾರ್. ಬಾಲದಲ್ಲಿ ಚಾರ್ಜಿಂಗ್ ಪಲ್ಸ್ ಹರಿಯುವುದಿಲ್ಲ, ಆಂಪಿನ ಕರೆಂಟ್ ಮಾತ್ರ ಹರಿಯುತ್ತದೆ.

ಸ್ಟಾರ್‌ನಲ್ಲೂ ಪಂಕ್ತಿಭೇದ ಇದೆ. ಬಾಲದ ಬುಡಕ್ಕೆ ಹತ್ತಿರ ಸ್ಪೀಕರ್ ರಿಟರ್ನ್ ಮತ್ತು ಆಂಪ್ ಬೋರ್ಡಿನ ಪವರ್ ಗ್ರೌಂಡ್. ಔಟ್‌ಪುಟ್‌ನ ರೆಸಿಸ್ಟರ್-ಕೆಪಾಸಿಟರ್ ಸರಣಿ, ಅಂದರೆ ಜೋಬೆಲ್, ಹಾಗೂ ರೈಲಿನ ಡಿಕಪ್ಲಿಂಗ್ ಕೆಪಾಸಿಟರ್ ಇವೇ ಪವರ್ ಗ್ರೌಂಡಿನ ಸಂತಾನ. ತುದಿಗೆ ಸಿಗ್ನಲ್ ಗ್ರೌಂಡ್. ಇನ್‌ಪುಟ್ ಶೀಲ್ಡ್, ಇನ್‌ಪುಟ್ ಬಯಾಸ್ ರೆಸಿಸ್ಟರ್, ಫೀಡ್‌ಬ್ಯಾಕ್‌ನ ಕೆಳಗಿನ ರೆಸಿಸ್ಟರ್ ಈ ಮೂರೂ ಮೊದಲು ಬೋರ್ಡಿನಲ್ಲೇ ಒಂದು ಬಿಂದುವಿನಲ್ಲಿ ಕೂಡಿ, ಅಲ್ಲಿಂದ ಒಂದೇ ತಂತಿಯಲ್ಲಿ ಸ್ಟಾರ್‌ಗೆ ಬರಬೇಕು. ಈ ಮೂರು ಬೇರೆ ಬೇರೆ ತಂತಿಯಲ್ಲಿ ಸ್ಟಾರ್‌ಗೆ ಬಂದರೆ ಸ್ಟಾರ್ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ. ಅವುಗಳ ನಡುವಿನ ವ್ಯತ್ಯಾಸವನ್ನೇ ಆಂಪ್ ಹಾಡೆಂದು ತಿಳಿಯುತ್ತದೆ.

ಟ್ರಾನ್ಸ್‌ಫಾರ್ಮರಿನಿಂದ ಬ್ರಿಜ್‌ಗೆ ಬರುವ ತಂತಿಗಳನ್ನು, ಸೆಂಟರ್ ಟ್ಯಾಪನ್ನೂ ಸೇರಿಸಿ, ಬಿಗಿಯಾಗಿ ಹೊಸೆಯಿರಿ. ಬ್ರಿಜ್‌ನಿಂದ ಕೆಪಾಸಿಟರಿಗೂ ಹಾಗೆಯೇ. ಈ ಕುಣಿಕೆ ಅಗಲವಾಗಿ ಬಿಟ್ಟುಕೊಂಡಿದ್ದರೆ ಅದೇ ಒಂದು ಪ್ರಸಾರ ಕೇಂದ್ರ.

ಇಲ್ಲಿ ಕೆಲವರು ಒಂದೇ ರೈಲಿನ ಎರಡು ಕೆಪಾಸಿಟರ್ ನಡುವೆ 0.22 ಓಮ್ ರೆಸಿಸ್ಟರ್ ಹಾಕುವ ಸಲಹೆ ಕೊಡುತ್ತಾರೆ. 10000 ಮೈಕ್ರೋಫ್ಯಾರಡ್ ಜೊತೆ ಅದರ ಕಟ್‌ಆಫ್ ಸುಮಾರು 72 ಹರ್ಟ್ಸ್. 100 ಹರ್ಟ್ಸ್‌ನಲ್ಲಿ ಕೇವಲ ನಾಲ್ಕೂವರೆ ಡೆಸಿಬೆಲ್ ಲಾಭ, 1000 ಹರ್ಟ್ಸ್‌ನಲ್ಲಿ ಸುಮಾರು 23. ಅಂದರೆ ‘ಜರ್’ ಮೆತ್ತಗಾಗುತ್ತದೆ, ‘ಗುಂಯ್’ ಹಾಗೇ ಇರುತ್ತದೆ. ಗ್ರೌಂಡ್ ಸರಿಮಾಡಿದ ಮೇಲೆ ಬೇಕಿದ್ದರೆ ಹಾಕಿ, ಅದರ ಬದಲಿಗೆ ಬೇಡ.

ಎರಡು ಚಾನೆಲ್, ಒಂದು ಕುಣಿಕೆ

ಒಂದು ಚಾನೆಲ್ ಮಾತ್ರ ಜೋಡಿಸಿದಾಗ ಮೌನ, ಎರಡನೆಯದನ್ನೂ ಜೋಡಿಸಿದ ಕೂಡಲೇ ಹಮ್. ಸ್ಟೀರಿಯೋ ಕಟ್ಟುವವರಲ್ಲಿ ಹೆಚ್ಚಿನವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಎಡ ಮತ್ತು ಬಲ ಕೇಬಲಿನ ಶೀಲ್ಡ್‌ಗಳು ಹಾಡು ಕೊಡುವ ಸಾಧನದಲ್ಲಿ ಕೂಡಿವೆ, ಆಂಪಿನೊಳಗೆ ಸ್ಟಾರ್‌ನಲ್ಲಿ ಮತ್ತೆ ಕೂಡಿವೆ. ತಾಮ್ರದ ಪೂರ್ತಿ ಬಳೆ ಆಯಿತು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಆ ಬಳೆಯ ಮೂಲಕ ಹಾದರೆ ಅದರಲ್ಲಿ ಕರೆಂಟ್ ಹುಟ್ಟಿ ಶೀಲ್ಡ್‌ನುದ್ದಕ್ಕೂ ವೋಲ್ಟೇಜ್ ಬೀಳುತ್ತದೆ.

ಮದ್ದು ಎರಡು. ಮೊದಲನೆಯದು ಬಳೆಯನ್ನು ಚಪ್ಪಟೆ ಮಾಡುವುದು: ಎರಡೂ ಇನ್‌ಪುಟ್ ಜಾಕ್ ಪಕ್ಕಪಕ್ಕ ಇರಲಿ, ಜಾಕ್‌ನಿಂದ ಬೋರ್ಡಿಗೆ ಹೋಗುವ ಎರಡೂ ಶೀಲ್ಡ್ ವೈರ್‌ಗಳನ್ನು ಆದಷ್ಟು ದೂರ ಒಟ್ಟಿಗೆ ಕಟ್ಟಿ ಒಯ್ಯಿರಿ. ಎರಡನೆಯದು ಪ್ರತಿ ಬೋರ್ಡಿನಲ್ಲಿ ಸಿಗ್ನಲ್ ಗ್ರೌಂಡನ್ನು ಪವರ್ ಗ್ರೌಂಡಿಗೆ ನೇರ ತಂತಿಯ ಬದಲು 10 ಓಮ್ ರೆಸಿಸ್ಟರಿನ ಮೂಲಕ ಸೇರಿಸುವುದು. ಬಳೆಯ ವೋಲ್ಟೇಜ್ ಈಗ 10 ಓಮ್ ಮತ್ತು ಶೀಲ್ಡಿನ ಸುಮಾರು 20 ಮಿಲಿಓಮ್ ನಡುವೆ ಹಂಚಿಕೊಳ್ಳುತ್ತದೆ, ಶೀಲ್ಡಿನ ಪಾಲು ಐನೂರರಲ್ಲಿ ಒಂದು. ಕಾಲು ವ್ಯಾಟಿನ ರೆಸಿಸ್ಟರ್ ಸಾಕು. ಆದರೆ ನೆನಪಿಡಿ, ಫೀಡ್‌ಬ್ಯಾಕ್ ಗ್ರೌಂಡ್ ಮತ್ತು ಇನ್‌ಪುಟ್ ಗ್ರೌಂಡ್ ಎರಡೂ ಆ 10 ಓಮ್‌ನ ಒಂದೇ ಕಡೆ, ಸಿಗ್ನಲ್ ಕಡೆ, ಇರಬೇಕು. ಒಂದು ಈಚೆ ಒಂದು ಆಚೆ ಆದರೆ ಹಮ್ ಇಮ್ಮಡಿಸುತ್ತದೆ.

ಜಾಕ್‌ಗಳ ಮೈ ಷಾಸಿಗೆ ತಾಗಬಾರದು. ಪ್ಲಾಸ್ಟಿಕ್ ವಾಷರ್ ಇರುವ ಜಾಕ್ ಬಳಸಿ, ಬಿಗಿ ಮಾಡಿದ ಮೇಲೆ ಮೀಟರಿನ ಬೀಪ್ ರೇಂಜಿನಲ್ಲಿ ನೋಡಿ. ವಾಷರಿನ ಗೆಣ್ಣು ತೂತಿನಲ್ಲಿ ಸರಿಯಾಗಿ ಕೂರದೆ ಲೋಹ ತಾಗುವುದು ದಿನನಿತ್ಯದ ಸಂಗತಿ.

ಶೀಲ್ಡ್ ವೈರಿನ ಬಗ್ಗೆ ಒಂದು ಗೊಂದಲ ಬಗೆಹರಿಸಬೇಕು. ‘ಶೀಲ್ಡನ್ನು ಒಂದೇ ತುದಿಯಲ್ಲಿ ಸೇರಿಸಿ’ ಎಂಬ ನಿಯಮ ಒಳಗೆ ಎರಡು ಎಳೆ ಇರುವ ವೈರಿಗೆ. ಅಲ್ಲಿ ಎರಡನೇ ಎಳೆ ರಿಟರ್ನ್, ಶೀಲ್ಡ್ ಬರೀ ಹೊದಿಕೆ. ಒಂದೇ ಎಳೆ ಇರುವ ವೈರಿನಲ್ಲಿ ಶೀಲ್ಡೇ ರಿಟರ್ನ್. ಅದನ್ನು ಒಂದು ತುದಿಯಲ್ಲಿ ಕತ್ತರಿಸಿದರೆ ಸಿಗ್ನಲ್ ಊರೆಲ್ಲ ಸುತ್ತಿ ವಾಪಸ್ ಬರುತ್ತದೆ, ಹಮ್ ಇನ್ನೂ ಜಾಸ್ತಿ.

ಅರ್ಥ್ ಪಿನ್ ಕತ್ತರಿಸುವವರಿಗೆ

ಕಂಪ್ಯೂಟರ್ ಅಥವಾ ಟಿವಿ ಜೋಡಿಸಿದಾಗ ಮಾತ್ರ ಹಮ್ ಬಂದು, ಬ್ಯಾಟರಿಯಲ್ಲಿ ನಡೆಯುವ ಮೊಬೈಲ್ ಜೋಡಿಸಿದಾಗ ಬರದಿದ್ದರೆ ಅದು ಅರ್ಥ್ ಮೂಲಕ ಮುಚ್ಚಿಕೊಂಡ ಲೂಪ್. ಆಂಪ್ ಪ್ಲಗ್ಗಿನ ಮೂರನೇ ಪಿನ್ ಕಿತ್ತರೆ ಹಮ್ ಹೋಗುತ್ತದೆ, ನಿಜ. ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಯಾವಾಗಲಾದರೂ ಷಾಸಿಗೆ ತಾಗಿದರೆ ಫ್ಯೂಸ್ ಹಾರುವ ಬದಲು ಇಡೀ ಪೆಟ್ಟಿಗೆ, ಜಾಕ್, ಕೇಬಲ್, ಆಚೆಯ ಮೊಬೈಲ್ ಸಹಿತ ಎಲ್ಲವೂ ಮೇನ್ಸ್ ವೋಲ್ಟೇಜಿಗೆ ಏರುತ್ತವೆ. ಈ ವಿಷಯದಲ್ಲಿ ಚರ್ಚೆಗೆ ಜಾಗವಿಲ್ಲ.

ಅರ್ಥ್ ವೈರ್ ಒಳಗೆ ಬಂದ ಜಾಗದಲ್ಲೇ, ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಅದಕ್ಕೆಂದೇ ಮೀಸಲಾದ ಬೋಲ್ಟಿನಲ್ಲಿ ಷಾಸಿಗೆ ಬಿಗಿಯಬೇಕು. ಟ್ರಾನ್ಸ್‌ಫಾರ್ಮರಿನ ಬೋಲ್ಟನ್ನು ಇದಕ್ಕೆ ಬಳಸಬೇಡಿ. ಷಾಸಿ ಮತ್ತು ಅರ್ಥ್ ಪಿನ್ ನಡುವೆ ಯಾವ ರೆಸಿಸ್ಟರೂ ಇರಬಾರದು. ಲೂಪ್ ಕತ್ತರಿಸುವ ಜಾಗ ಬೇರೆ: ಷಾಸಿ ಮತ್ತು ಆಡಿಯೋ ಸ್ಟಾರ್ ನಡುವೆ. ಅಲ್ಲಿ 10 ಓಮ್, 5 ವ್ಯಾಟ್ ರೆಸಿಸ್ಟರ್, ಅದಕ್ಕೆ ಸಮಾನಾಂತರವಾಗಿ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಮತ್ತು 35 ಆಂಪಿಯರಿನ ಬ್ರಿಜ್ ರೆಕ್ಟಿಫೈಯರ್. ಲೂಪಿನ ಕೆಲವು ಮಿಲಿವೋಲ್ಟ್‌ಗೆ ಡಯೋಡ್‌ಗಳು ಮುಚ್ಚಿದ ಬಾಗಿಲು, ಕರೆಂಟ್ 10 ಓಮ್ ಮೂಲಕವೇ ಹೋಗಬೇಕು. ನಿಜವಾದ ದೋಷ ಬಂದರೆ ಒಂದೂವರೆ ವೋಲ್ಟ್ ಹತ್ತಿರದಲ್ಲೇ ಬಾಗಿಲು ತೆರೆದು, ಫ್ಯೂಸ್ ಹಾರುವಷ್ಟು ಕರೆಂಟ್ ದಾಟುತ್ತದೆ. ಬರೀ 10 ಓಮ್ ಇದ್ದಿದ್ದರೆ ಅದು ಫ್ಯೂಸಿಗಿಂತ ಮೊದಲೇ ಸುಟ್ಟು ದಾರಿ ಕಡಿಯುತ್ತಿತ್ತು.

ಬ್ರಿಜ್ ಜೋಡಿಸುವಾಗ ತಪ್ಪುವವರು ಬಹಳ. ಪ್ಲಸ್ ಮತ್ತು ಮೈನಸ್ ಕಾಲುಗಳನ್ನು ಒಂದಕ್ಕೊಂದು ಸೇರಿಸಿ. ಎಸಿ ಗುರುತಿನ ಒಂದು ಕಾಲು ಷಾಸಿಗೆ, ಇನ್ನೊಂದು ಸ್ಟಾರ್‌ಗೆ. ಹೀಗೆ ಮಾಡಿದರೆ ಎರಡೂ ದಿಕ್ಕಿನಲ್ಲಿ ಎರಡೆರಡು ಡಯೋಡ್ ಸಿಗುತ್ತವೆ. ತಿರುವುಮುರುವಾಗಿ ಎಸಿ ಕಾಲುಗಳನ್ನು ಸೇರಿಸಿ ಪ್ಲಸ್ ಮೈನಸ್ ಬಳಸಿದರೆ ಒಂದು ದಿಕ್ಕಿನಲ್ಲಿ ಮಾತ್ರ ರಕ್ಷಣೆ, ಅಂದರೆ ಅರ್ಧ ರಕ್ಷಣೆ.

ಇಷ್ಟಾದರೂ ಕಂಪ್ಯೂಟರಿನಿಂದ ಹಮ್ ಬರುತ್ತಿದ್ದರೆ ಇನ್‌ಪುಟ್‌ನಲ್ಲಿ 1:1 ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಚಿಕ್ಕ ಅಗ್ಗದವು ಆಳದ ಬಾಸ್‌ನಲ್ಲಿ ಸ್ವಲ್ಪ ಸೊರಗುತ್ತವೆ, ಆದರೆ ಲೂಪನ್ನು ಬುಡದಲ್ಲೇ ಕತ್ತರಿಸುತ್ತವೆ.

ಹೀಟ್‌ಸಿಂಕ್ ಬಗ್ಗೆ ಇಲ್ಲೇ ಹೇಳಬೇಕು. ಟಿಡಿಎ2030ರ ಲೋಹದ ಕಿವಿ ಒಳಗಿನಿಂದ ಮೈನಸ್ ಸಪ್ಲೈಗೆ ಸೇರಿದೆ, ಎಲ್‌ಎಂ3886ಟಿಯದ್ದೂ ಹಾಗೆಯೇ. ಪ್ಲಾಸ್ಟಿಕ್ ಮೈಯ ಟಿಎಫ್ ಮಾದರಿಗೆ ಈ ಚಿಂತೆ ಇಲ್ಲ. ಎರಡು ರೈಲಿನ ಸಪ್ಲೈಯಲ್ಲಿ ಮೈಕಾ ಹಾಕದೆ ಷಾಸಿಗೆ ತಾಗಿದ ಹೀಟ್‌ಸಿಂಕಿಗೆ ಬಿಗಿದರೆ ಶಾರ್ಟ್ ಆಗಿ ತಕ್ಷಣ ಗೊತ್ತಾಗುತ್ತದೆ. ಒಂದೇ ಸಪ್ಲೈಯಲ್ಲಿ ಮೈನಸ್ ಎಂದರೆ ಗ್ರೌಂಡ್, ಶಾರ್ಟ್ ಆಗುವುದಿಲ್ಲ, ಎಲ್ಲ ಸರಿಯಾಗಿಯೇ ನಡೆಯುತ್ತದೆ. ಆದರೆ ಹೀಟ್‌ಸಿಂಕ್ ಮೂಲಕ ಗ್ರೌಂಡಿಗೆ ಎರಡನೇ ಗುಪ್ತ ದಾರಿ ಹುಟ್ಟಿ ಸ್ಟಾರ್, ಲೂಪ್ ಕತ್ತರಿಸುವ ಬ್ರೇಕರ್ ಎರಡೂ ವ್ಯರ್ಥವಾಗುತ್ತವೆ. ಮೈಕಾ ಮತ್ತು ಸ್ಕ್ರೂವಿಗೆ ಪ್ಲಾಸ್ಟಿಕ್ ಬುಶ್ ಯಾವಾಗಲೂ ಹಾಕಿ.

ಟ್ರಾನ್ಸ್‌ಫಾರ್ಮರ್ ಕೂತ ಭಂಗಿ

ಗ್ರೌಂಡೆಲ್ಲ ಸರಿಯಾದ ಮೇಲೂ ಮೆತ್ತಗಿನ 50 ಹರ್ಟ್ಸ್ ಉಳಿದರೆ ಟ್ರಾನ್ಸ್‌ಫಾರ್ಮರಿನ ಬೋಲ್ಟ್ ಬಿಚ್ಚಿ. ವೈರಿನ ತುದಿಗಳಿಗೆ ಇನ್ಸುಲೇಷನ್ ಇದೆಯೆಂದು ಖಾತ್ರಿ ಮಾಡಿಕೊಂಡು, ಒಣ ಕೈಯಲ್ಲಿ ಅದರ ಹೊರಮೈ ಮಾತ್ರ ಹಿಡಿದು ನಿಧಾನ ತಿರುಗಿಸಿ. ಹಮ್ ಏರಿಳಿದರೆ ಕಾರಣ ಸಿಕ್ಕಿತು. ಇಐ ಕೋರ್ ಆದರೆ 90 ಡಿಗ್ರಿ ತಿರುಗಿಸಿ ನೋಡಿ. ಟೊರಾಯ್ಡ್‌ನ ಸೋರುವ ಕ್ಷೇತ್ರ ಕಡಿಮೆ, ಆದರೆ ವೈರ್ ಹೊರಬರುವ ಜಾಗದಲ್ಲಿ ಹೆಚ್ಚು. ಆ ಮುಖ ಇನ್‌ಪುಟ್ ಕಡೆ ಇರಬಾರದು. ದೂರ ದ್ವಿಗುಣವಾದರೆ ಕ್ಷೇತ್ರ ಸುಮಾರು ಎಂಟನೇ ಒಂದಕ್ಕೆ, ಅಂದರೆ 18 ಡೆಸಿಬೆಲ್ ಇಳಿಯುತ್ತದೆ. ಐದು ಸೆಂಟಿಮೀಟರನ್ನು ಹತ್ತು ಮಾಡುವುದು ಯಾವ ಶೀಲ್ಡಿಗಿಂತಲೂ ಮೇಲು.

ಅಲ್ಯೂಮಿನಿಯಂ ತಗಡು ಅಡ್ಡ ಇಟ್ಟು ಹಮ್ ನಿಲ್ಲಲಿಲ್ಲ ಎನ್ನುವವರಿಗೆ: 50 ಹರ್ಟ್ಸ್‌ನಲ್ಲಿ ಅಲ್ಯೂಮಿನಿಯಂನ ಸ್ಕಿನ್ ಡೆಪ್ತ್, ಅಂದರೆ ಕ್ಷೇತ್ರ ಒಳಗಿಳಿಯುವ ಆಳ, 12 ಮಿಲಿಮೀಟರಿನಷ್ಟು. 1 ಮಿಲಿಮೀಟರ್ ತಗಡು ಈ ಕಾಂತಕ್ಷೇತ್ರಕ್ಕೆ ಗಾಜಿನಂತೆ. ಉಕ್ಕಿನ ತಗಡು ಬೇಕು. ಟೊರಾಯ್ಡ್ ನಡುವಿನ ಬೋಲ್ಟ್ ಕೆಳಗಿನ ಷಾಸಿಗೂ ಮೇಲಿನ ಮುಚ್ಚಳಕ್ಕೂ ಒಟ್ಟಿಗೆ ತಾಗದಂತೆ ನೋಡಿಕೊಳ್ಳಿ. ತಾಗಿದರೆ ಅದು ಒಂದು ಸುತ್ತಿನ ಶಾರ್ಟ್ ಆದ ಸೆಕೆಂಡರಿ. ಆಗ ಬರೀ ಹಮ್ ಅಲ್ಲ, ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಫ್ಯೂಸ್ ಹಾರುತ್ತದೆ.

ಗ್ರೌಂಡಿನ ತಪ್ಪಲ್ಲದವು

ಸಪ್ಲೈ ರೈಲಿನ ರಿಪಲ್ (ಡಿಸಿಯ ಮೇಲೆ ಉಳಿದ ಏರಿಳಿತ) 100ರ ಬದಲು 50 ಹರ್ಟ್ಸ್ ಇದ್ದರೆ ಬ್ರಿಜ್‌ನ ಒಂದು ಡಯೋಡ್ ತೆರೆದುಕೊಂಡಿದೆ, ಅಥವಾ ಸೆಂಟರ್ ಟ್ಯಾಪ್ ಇರುವ ಸೆಕೆಂಡರಿಯ ಒಂದು ತುದಿಯ ಬೆಸುಗೆ ಬಿಟ್ಟಿದೆ. ಎಲ್‌ಎಂ386ರಲ್ಲಿ 7ನೇ ಪಿನ್‌ನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕದಿದ್ದರೆ ಸಪ್ಲೈಯ ರಿಪಲ್ ಸುಲಭವಾಗಿ ನುಸುಳುತ್ತದೆ. ಎಷ್ಟೋ ಚಿತ್ರಗಳಲ್ಲಿ ಆ ಪಿನ್ನನ್ನು ಖಾಲಿ ಬಿಟ್ಟಿರುತ್ತಾರೆ. ಒಂದೇ ಸಪ್ಲೈಯ ಟಿಡಿಎ2030ರಲ್ಲಿ ಅರ್ಧ ವೋಲ್ಟೇಜ್ ಕೊಡುವ ಎರಡು ರೆಸಿಸ್ಟರ್‌ಗಳ ನಡುವಿನ 22 ಮೈಕ್ರೋಫ್ಯಾರಡ್ ಒಣಗಿದರೂ ಇದೇ ಕತೆ, ಸಪ್ಲೈಯ ರಿಪಲ್ ನೇರ ಇನ್‌ಪುಟ್‌ಗೇ ಹೋಗುತ್ತದೆ.

ಪ್ರಿಆಂಪಿಗೆ 7812 (12 ವೋಲ್ಟ್ ರೆಗ್ಯುಲೇಟರ್) ಇದ್ದರೆ ಅದರ ಇನ್‌ಪುಟ್ ಲೆಕ್ಕ ಹಾಕಿ. 12 ವೋಲ್ಟ್ ಸೆಕೆಂಡರಿಯ ತುದಿ 17, ಬ್ರಿಜ್ ಕಳೆದು 15.6. ಲೋಡ್ 300 ಮಿಲಿಆಂಪಿಯರ್, ಕೆಪಾಸಿಟರ್ 1000 ಮೈಕ್ರೋಫ್ಯಾರಡ್ ಆದರೆ ರಿಪಲ್ 3 ವೋಲ್ಟ್ ಹತ್ತಿರ. ತಗ್ಗಿನಲ್ಲಿ 12.6ಕ್ಕೆ ಇಳಿಯುತ್ತದೆ. ರೆಗ್ಯುಲೇಟರಿಗೆ ಔಟ್‌ಪುಟ್‌ಗಿಂತ 2 ವೋಲ್ಟ್ ಹೆಚ್ಚು, ಅಂದರೆ 14 ಬೇಕು. ಸೆಕೆಂಡಿಗೆ 100 ಸಲ ಅದು ಉಸಿರು ಕಟ್ಟುತ್ತದೆ. ಮೀಟರ್ ಆಗಲೂ 12ರ ಆಸುಪಾಸು ತೋರಿಸಿ ನಿಮ್ಮನ್ನು ನಂಬಿಸುತ್ತದೆ. ಇಲ್ಲಿ ಮಾತ್ರ ದೊಡ್ಡ ಕೆಪಾಸಿಟರ್ ನಿಜವಾದ ಮದ್ದು: 4700 ಹಾಕಿದರೆ ತಗ್ಗು 14.9ರಲ್ಲಿ ನಿಲ್ಲುತ್ತದೆ.

ಎಷ್ಟು ಕಡಿಮೆಯಾದರೆ ಸಾಕು

ಇನ್‌ಪುಟ್ ಶಾರ್ಟ್ ಮಾಡಿ, 8 ಓಮ್ ಲೋಡಿನ ಮೇಲೆ ಎಸಿ ಮಿಲಿವೋಲ್ಟ್ ಅಳೆಯಿರಿ. ಅಗ್ಗದ ಮೀಟರ್‌ಗಳಲ್ಲಿ ಎಸಿಯ ಕನಿಷ್ಠ ರೇಂಜ್ 200 ವೋಲ್ಟ್ ಇರುತ್ತದೆ, ಅದು ಈ ಕೆಲಸಕ್ಕೆ ಬಾರದು. 1 ಮಿಲಿವೋಲ್ಟ್ ಎಂದರೆ 8 ಓಮ್‌ನಲ್ಲಿ 1 ವ್ಯಾಟಿಗಿಂತ 69 ಡೆಸಿಬೆಲ್ ಕೆಳಗೆ. 90 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರಿನಿಂದ ಒಂದು ಮೀಟರ್ ದೂರದಲ್ಲಿ 21 ಡೆಸಿಬೆಲ್. ಕಿವಿಯ ಹೊಸ್ತಿಲು 50 ಹರ್ಟ್ಸ್‌ನಲ್ಲಿ ಸುಮಾರು 44, 100 ಹರ್ಟ್ಸ್‌ನಲ್ಲಿ 27 ಡೆಸಿಬೆಲ್ ಇರುವುದರಿಂದ ಶುದ್ಧ ಗುಂಯ್ ಅಷ್ಟರಲ್ಲಿ ಕೇಳಿಸದು. ‘ಜರ್’ ಹಾಗಲ್ಲ, ಅದರ ಮೇಲಿನ ಗುಣಕಗಳು ಕಿವಿ ಚುರುಕಾಗಿರುವ ಜಾಗಕ್ಕೇ ಬಂದು ಬೀಳುತ್ತವೆ. ಆದ್ದರಿಂದ ಮೀಟರಿನಲ್ಲಿ ಒಂದೇ ಅಂಕಿ ತೋರಿಸುವ ಎರಡು ಆಂಪ್‌ಗಳಲ್ಲಿ ಒಂದು ಮೌನವಾಗಿ, ಇನ್ನೊಂದು ಕಿರಿಕಿರಿಯಾಗಿ ಇರುವುದು ಸಾಧ್ಯ. 0.3 ಮಿಲಿವೋಲ್ಟ್‌ಗೆ ಇಳಿಸಿದರೆ ರಾತ್ರಿಯ ನಿಶ್ಶಬ್ದದಲ್ಲೂ ಸ್ಪೀಕರಿಗೆ ಕಿವಿ ಹಚ್ಚದೆ ಏನೂ ಕೇಳದು.

ಪ್ರತಿ ಬದಲಾವಣೆಯ ನಂತರ ಆ ಅಂಕಿ ಬರೆದಿಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ ವೈರ್ ಬದಲಿಸಿ. ಕೊನೆಯ ಅಳತೆ ಮುಚ್ಚಳ ಹಾಕಿದ ಮೇಲೆ ತೆಗೆದುಕೊಳ್ಳಬೇಕು. ಮುಚ್ಚಳ ಹಾಕಿದಾಗ ಹಮ್ ಹೆಚ್ಚಾದರೆ ಅದರ ಸ್ಕ್ರೂ ಯಾವುದೋ ಜಾಕ್‌ಗೆ ಅಥವಾ ಹೀಟ್‌ಸಿಂಕಿಗೆ ತಾಗುತ್ತಿದೆ.